ಬ್ಯಾಳಿ ಬಿಡ್ರಿ ಮುನೀಮ್ರೇ

17 ಏಪ್ರಿಲ್ 2025, ಗುರುವಾರ

ಕಾಲು ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಬ್ಯಾಳಿ ಬಿಡ್ರಿ. ಓಣಿಯ ಹಿರಿಯರು ಹೇಳಿದರು, ನಾನು ಲೆಕ್ಕ ಬರೆಯುವ ಕಲ್ಲಿನ ಫ್ಯಾಕ್ಟರಿಯ ಪಾಲಿಶ್ ಮಷೀನಿನ ಹುಡುಗರು ಹೇಳಿದರು, ಹಾಲು ಹಾಕುವವಳೂ ಹೇಳಿ ಹೋದಳು. ತೊಗರಿ ಬಿತ್ತಿ, ತೊಗರಿ ಮಾರಿ, ತೊಗರಿ ಉಂಡು ಬೆಳೆದ ಸೀಮೆ ಇದು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಬಂದಾಗ ಎದೆಯುಬ್ಬಿಸಿದವರೇ ಇವತ್ತು ನನ್ನ ಬಲಗಾಲಿನ ಹೆಬ್ಬೆರಳು ನೋಡಿ ತಪ್ಪೆಲ್ಲ ತೊಗರಿಯದ್ದೇ ಎಂದು ತೀರ್ಪು ಕೊಟ್ಟು ಚಹಾ ಕುಡಿದು ಹೋದರು.

ಬೆರಳಿನ ಬುಡ ಕೆಂಪಗೆ ಹೊಳೆಯುತ್ತಿದೆ. ರಾತ್ರಿ ಎರಡರ ಸುಮಾರಿಗೆ ಶುರುವಾದದ್ದು. ಫ್ಯಾನಿನ ಗಾಳಿಗೆ ಧೋತರದ ಚುಂಗು ಹಾರಿ ಬೆರಳ ಮೇಲೆ ಬಿತ್ತು. ನಾನು ಚೀರಿದ ಸದ್ದಿಗೆ ಪಕ್ಕದ ಮನೆಯ ದೀಪ ಹತ್ತಿತು. ಈಕೆ, ನನ್ನ ಹೆಂಡತಿ, ಎದ್ದವಳೇ ಬ್ಯಾಟರಿ ಹಿಡಿದು ಫರಸಿಯ ಸಂದಿಗಳನ್ನೆಲ್ಲ ನೋಡಿದಳು. "ಚೇಳು ಕಡದದೇನ್ರಿ?" ಚೇಳಾಗಿದ್ದರೆ ಎಷ್ಟೋ ವಾಸಿ, ಮಂತ್ರ ಹಾಕುವವರಾದರೂ ಊರಲ್ಲಿದ್ದಾರೆ.

ಹೋದ ದೀಪಾವಳಿಗೂ ಇದೇ ಬೆರಳು ಬಾತಿತ್ತು. ಕಲ್ಲಿಗೆ ಎಡವಿದ್ದು ಎಂದು ಅರಿಶಿನ ಹಚ್ಚಿ ಸುಮ್ಮನಾಗಿದ್ದೆವು. ನಮ್ಮ ಈ ಕಲ್ಲಿನ ಊರು ರಾವೂರಿನಲ್ಲಿ ಕಲ್ಲಿಗೆ ಎಡವದವರು ಯಾರು?

20 ಏಪ್ರಿಲ್, ರವಿವಾರ

ರಕ್ತದ ರಿಪೋರ್ಟ್ ಬಂತು. ಯೂರಿಕ್ ಆ್ಯಸಿಡ್ 6.4. ಹಾಳೆಯ ಮೇಲೆ 7ರ ತನಕ ನಾರ್ಮಲ್ ಎಂದು ಅಚ್ಚಾಗಿದೆ. "ನಾರ್ಮಲ್ ಅದ, ಇದು ಬರೀ ವಾಯು" ಎಂದು ಎಲ್ಲರಿಗೂ ಸಮಾಧಾನ. ನೋವಿನ ಗುಳಿಗೆಗೆ ಬಾವು ಇಳಿಯುತ್ತಿದೆ. ಬೆರಳ ಸುತ್ತಿನ ಚರ್ಮ ಹೊಟ್ಟೊಟ್ಟಾಗಿ ಸುಲಿಯುತ್ತಿದೆ, ತುರಿಕೆ ಬೇರೆ.

6 ಮೇ, ಮಂಗಳವಾರ

ಕಲಬುರಗಿಗೆ ಹೋಗಿ ಬಂದೆ. ಮಗಳು ಅಲ್ಲೇ ನರ್ಸಿಂಗ್ ಓದುತ್ತಾಳೆ, ಅವಳೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಮೊದಲ ರಿಪೋರ್ಟನ್ನು ಬದಿಗಿಟ್ಟು ಮತ್ತೆ ರಕ್ತ ತೆಗೆಸಿದರು. ಈ ಸಲ 9.1. ಬಾವು ಬಂದ ದಿನಗಳಲ್ಲಿ ರಕ್ತದ ಯೂರಿಕ್ ಆಮ್ಲ ಇಳಿದು ತೋರುವುದು ಉಂಟಂತೆ. ಆಗ ನಾರ್ಮಲ್ ಬಂದರೆ ಗೌಟ್ ಎಂಬ ಈ ಕೀಲುಬಾವು ಇಲ್ಲ ಎನ್ನಲಾಗದು, ಎರಡು ವಾರ ಕಳೆದು ನೋಡಿದರೆ ನಿಜ ಗೊತ್ತಾಗುತ್ತದೆ.

ಅವರು ಹೇಳಿದ್ದನ್ನು ನನಗೆ ತಿಳಿದಂತೆ ಬರೆದಿಡುತ್ತೇನೆ. ದೇಹದ ಜೀವಕೋಶಗಳಲ್ಲೂ ತಿನ್ನುವ ಅನ್ನದಲ್ಲೂ ಪ್ಯೂರಿನ್ ಎಂಬುದಿದೆ. ಅದು ಒಡೆದರೆ ಯೂರಿಕ್ ಆಮ್ಲ. ಮೂರರಲ್ಲಿ ಎರಡು ಪಾಲು ದೇಹದೊಳಗೇ ಹುಟ್ಟುತ್ತದೆ, ತಾಟಿನಿಂದ ಬರುವುದು ಉಳಿದ ಒಂದು ಪಾಲು. ಹೊರಗೆ ಹಾಕುವ ಕೆಲಸ ಬಹುಪಾಲು ಮೂತ್ರಪಿಂಡದ್ದು. ಹೆಚ್ಚಿನವರಲ್ಲಿ ಸೋಲುವುದು ಅಲ್ಲೇ, ಅದಕ್ಕೆ ವಂಶದ ಪಾಲೂ ದೊಡ್ಡದು. ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದರೆ ರಕ್ತಕ್ಕೆ ಅದನ್ನು ಕರಗಿಸಿಟ್ಟುಕೊಳ್ಳಲು ಆಗದು. ಸೂಜಿಯಂಥ ಹರಳುಗಳಾಗಿ ಕೀಲಿನಲ್ಲಿ ಕೂರುತ್ತದೆ, ಅದರಲ್ಲೂ ತಣ್ಣಗಿರುವ ತುದಿಗಳಲ್ಲಿ. ಹೆಬ್ಬೆರಳೇ ಯಾಕೆ, ರಾತ್ರಿಯೇ ಯಾಕೆ ಎಂಬುದಕ್ಕೆ ಸ್ವಲ್ಪ ಉತ್ತರ ಸಿಕ್ಕಿತು.

"ಬ್ಯಾಳಿ ಬಿಡಬೇಕೇನ್ರಿ?" ಕೇಳಿಯೇಬಿಟ್ಟೆ.

ಡಾಕ್ಟರು ನಕ್ಕರು. "ಬ್ಯಾಳಿ ಉಣ್ರಿ. ಬೋಟಿ, ಕಾಳಿಜ ಬಿಡ್ರಿ. ಬೀರ್ ಬಿಡ್ರಿ. ಆ ಬಣ್ಣದ ಬಾಟ್ಲಿ ಬಿಡ್ರಿ."

ಬಣ್ಣದ ಬಾಟ್ಲಿಯ ಸುದ್ದಿ ಮಗಳು ಹೇಳಿರಬೇಕು. ಬ್ಯಾಸಗಿಯಲ್ಲಿ ಲೋಡ್ ಲೆಕ್ಕ ಬರೆಯುವಾಗ ಮಗ್ಗುಲಲ್ಲಿ ತಂಪು ಬಾಟ್ಲಿ ಇದ್ದೇ ಇರುತ್ತದೆ. ಅದರ ಸಕ್ಕರೆಯಲ್ಲಿರುವ ಫ್ರಕ್ಟೋಸ್ ಯಕೃತ್ತಿನಲ್ಲಿ ಕರಗುವಾಗ ಯೂರಿಕ್ ಆಮ್ಲ ಹೆಚ್ಚಿಸುತ್ತದಂತೆ. ಅದರಲ್ಲಿ ಪ್ಯೂರಿನ್ ಇಲ್ಲದೆಯೂ ಆಗುವ ಕೆಲಸ ಇದು.

ಬಸ್ಸಿನಲ್ಲಿ ಮಗಳು ಇನ್ನೊಂದು ಹೇಳಿದಳು. ಅಮೆರಿಕದಲ್ಲಿ ಸುಮಾರು 47 ಸಾವಿರ ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವಂತೆ. ಮಾಂಸ, ಸಮುದ್ರದ ಮೀನು ಹೆಚ್ಚು ತಿಂದವರಿಗೆ ಗೌಟ್ ಹೆಚ್ಚು. ಪ್ಯೂರಿನ್ ಇರುವ ಕಾಳು, ಸೊಪ್ಪು ತಿಂದವರಿಗೆ ಹೆಚ್ಚಲಿಲ್ಲ. ಹಾಲು-ಮೊಸರಿನವರಿಗೆ ಕಡಿಮೆಯೇ. ತೊಗರಿ ಖುಲಾಸೆ. ಊರಲ್ಲಿ ಇದನ್ನು ಯಾರೂ ನಂಬುವುದಿಲ್ಲ ಎಂಬುದೂ ಅಷ್ಟೇ ಖರೆ.

ಬಿಪಿ ಗುಳಿಗೆಯನ್ನೂ ಬದಲಿಸಿದರು. ಹಳೆಯದರಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿತ್ತು, ಅದು ಯೂರಿಕ್ ಆಮ್ಲವನ್ನು ತಡೆದಿಡುತ್ತದೆ. ಈಗ ಕೊಟ್ಟ ಲೋಸಾರ್ಟನ್ ಅದನ್ನು ತುಸು ಹೊರಹಾಕುತ್ತದೆ. "ನಿಮ್ಮಷ್ಟಕ್ಕೆ ನೀವೇ ಯಾವ ಬಿಪಿ ಗುಳಿಗಿನೂ ನಿಲ್ಲಿಸಬ್ಯಾಡ್ರಿ" ಎಂದು ಒತ್ತಿ ಹೇಳಿದರು.

14 ಮೇ, ಬುಧವಾರ

ಸುಡು ಬಿಸಿಲು. ಕಟಿಂಗ್ ಬ್ಲೇಡಿಗೆ ನೀರು ಬಿಡುತ್ತಲೇ ಇರಬೇಕು, ನಿಂತರೆ ಬ್ಲೇಡು ಹೋಯಿತು. ಅದರ ಎದುರು ದುಡಿಯುವವರಿಗೆ ಮಾತ್ರ ಮಧ್ಯಾಹ್ನದ ತನಕ ಒಂದು ತಂಬಿಗೆ ನೀರು ಸಾಕೆನಿಸುತ್ತದೆ. ನನ್ನದೂ ಅದೇ ರೂಢಿಯಿತ್ತು. ಬೆವರಾಗಿ ನೀರು ಹೋದರೆ ರಕ್ತ ಗಟ್ಟಿಯಾಗುತ್ತದೆ, ಮೂತ್ರ ತಗ್ಗುತ್ತದೆ, ಆಮ್ಲ ಒಳಗೇ ಉಳಿಯುತ್ತದೆ. ನನಗೆ ಈ ಬಿಸಿಲಿಗೆ ಮೂರು ಲೀಟರಿನ ಲೆಕ್ಕ ಹೇಳಿದ್ದಾರೆ. ಕಿಡ್ನಿ, ಹೃದಯ ಸರಿ ಇರುವವರ ಲೆಕ್ಕ ಅದು, ಎಲ್ಲರಿಗೂ ಅಲ್ಲ.

ನೀರಿನ ಮಾತು ತೆಗೆದರೆ ಇಲ್ಲಿ ಇನ್ನೊಂದು ವಾದ: "ಬೋರಿನ ನೀರಾಗ ಸುಣ್ಣ ಅದರಿ ಕಾಕಾ, ಅದೇ ಕೀಲಿನಾಗ ಕೂಡ್ತದ." ಶಹಾಬಾದ್ ಕಲ್ಲೆಂದರೆ ಸುಣ್ಣದಕಲ್ಲೇ, ಅದರೊಳಗಿಂದ ಬಂದ ನೀರು ಪಾತ್ರೆಯ ತಳಕ್ಕೆ ಬಿಳಿ ಪದರು ಕಟ್ಟುವುದೂ ಹೌದು. ಅದು ಕ್ಯಾಲ್ಸಿಯಂ. ನನ್ನ ಬೆರಳಲ್ಲಿ ಕೂತದ್ದು ಸೋಡಿಯಂ ಯೂರೇಟ್. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ. ಹುಡುಗ ತಲೆಯಾಡಿಸಿದ, ನೀರು ಮಾತ್ರ ಕುಡಿಯಲಿಲ್ಲ.

ಕಲ್ಲು ಹೊರುವ ಹೆಣ್ಣುಮಕ್ಕಳು ನೀರು ಕುಡಿಯದಿರಲು ಕಾರಣವೇ ಬೇರೆ. ಕುಡಿದರೆ ಹೋಗುವುದೆಲ್ಲಿಗೆ? ಮುಟ್ಟು ನಿಲ್ಲುವ ತನಕ ಹೆಂಗಸರಿಗೆ ಗೌಟ್ ಅಪರೂಪ, ಈಸ್ಟ್ರೊಜೆನ್ ಕಾಯುತ್ತದೆ ಎಂದಿದ್ದರು ಡಾಕ್ಟರು. ಉರಿಮೂತ್ರ, ಹರಳಿನ ಕಾಟ ಮಾತ್ರ ಅವರಿಗೂ ತಪ್ಪಿದ್ದಲ್ಲ. ಮಾಲೀಕರಿಗೆ ಎರಡು ಕ್ಯಾನ್ ನೀರಿನ ಜೊತೆ ಒಂದು ಪಾಯಖಾನೆಯ ಖರ್ಚನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. ಕ್ಯಾನ್ ಬಂದವು.

12 ಜೂನ್, ಗುರುವಾರ

ಕಾರಹುಣ್ಣಿಮೆ ಮುಗಿಯಿತು. ಮಾವನವರ ಊರಲ್ಲಿ ಕಂದೂರಿಯ ಮಾಂಸದೂಟ, ಹೋಗದಿದ್ದರೆ ಮುನಿಸು. ಪಂಕ್ತಿಯಲ್ಲಿ ಕೂತಾಗ ಮೊದಲು ಬಂದದ್ದೇ ಕಾಳಿಜದ ಪರಾತ. ಬೇಡವೆಂದು ತಾಟಿನ ಮೇಲೆ ಕೈ ಅಡ್ಡ ಹಿಡಿದೆ. "ಅಳಿಯಂದ್ರಿಗೆ ನಮ್ಮ ಮನಿ ಊಟ ಸೇರಲ್ಲೇನು?" ಎಂದರು ಅತ್ತಿ. ಈಕೆ ನಡುವೆ ಬಾಯಿ ಹಾಕಿ ಬೆರಳಿನ ಪುರಾಣ ಬಿಚ್ಚಿದಳು. ಎರಡು ತುಂಡು ಖಂಡ, ರೊಟ್ಟಿ, ಉಳ್ಳಾಗಡ್ಡಿಯಲ್ಲಿ ಮುಗಿಸಿದೆ. ಎಸರು ಬಿಟ್ಟೆ, ಮಾಂಸ ಕುದಿಯುವಾಗ ಅದರ ಪ್ಯೂರಿನ್ ಒಂದಷ್ಟು ಎಸರಿಗಿಳಿಯುತ್ತದೆ. ಆ ಎಸರಿನ ವಾಸನೆ ಮೂಗಿಗೆ ಬಂದಾಗ ವೈದ್ಯಶಾಸ್ತ್ರ ಓದಿದವರ ಮೇಲೆ ಸಣ್ಣ ಸಿಟ್ಟು ಬಂದದ್ದು ಸುಳ್ಳಲ್ಲ.

ಪಕ್ಕದಲ್ಲಿದ್ದ ಹಿರಿಯರೊಬ್ಬರು ನಾಟಿ ಔಷಧ ಬಲ್ಲವರು. ಮಜ್ಜಿಗೆ ಮುಟ್ಟಬ್ಯಾಡ ಎಂದರು. ಅವರ ಮಾತಿಗೆ ಬುಡವಿಲ್ಲವೆಂದಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಗೌಟನ್ನು ಹೋಲುವ ವಾತರಕ್ತಕ್ಕೆ ಒಂದು ಅಧ್ಯಾಯವೇ ಇದೆ. ಕಾರಣಗಳ ಪಟ್ಟಿಯಲ್ಲಿ ಹುರುಳಿ, ಉದ್ದು, ಮಾಂಸ, ಮದ್ಯದ ಜೊತೆ ಮೊಸರು-ಮಜ್ಜಿಗೆಯೂ ಇವೆ. ಮದ್ಯ ಮಾಂಸದ ಮಟ್ಟಿಗೆ ಹಳಬರೂ ಹೊಸಬರೂ ಒಂದೇ ಕಡೆ. ಮಜ್ಜಿಗೆಯ ವಿಷಯದಲ್ಲಿ ನಾನು ಹೊಸಬರ ಪಕ್ಷ. ಈ ಬಿಸಿಲಲ್ಲಿ ಮಜ್ಜಿಗೆ ಬಿಡು ಎನ್ನುವ ಶಾಸ್ತ್ರ ನನ್ನಿಂದ ನಡೆಯುವಂಥದ್ದಲ್ಲ.

28 ಜುಲೈ, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಮನೆಯಲ್ಲಿ ಎಲ್ಲರೂ ಉಪವಾಸ, ನಾನು ಒಪ್ಪತ್ತು. ಪೂರಾ ಹೊಟ್ಟೆ ಖಾಲಿ ಬಿಟ್ಟರೆ ಕೊಬ್ಬು ಕರಗಿ ಹುಟ್ಟುವ ಕೀಟೋನುಗಳು ಮೂತ್ರಪಿಂಡದಲ್ಲಿ ಯೂರಿಕ್ ಆಮ್ಲಕ್ಕೆ ಅಡ್ಡ ನಿಲ್ಲುತ್ತವೆ. ತೂಕ ಇಳಿಸಬೇಕು, ಆದರೆ ನಿಧಾನ. ಸಂಜೆ ದೇವರಿಗೆ ಊದುಬತ್ತಿ ಹಚ್ಚಿ ಹಾಲು, ಬಾಳೆಹಣ್ಣು ತೆಗೆದುಕೊಂಡೆ.

ಶನಿವಾರದ ರಿಪೋರ್ಟ್: 7.8. ಬೋಟಿ ಬಿಟ್ಟು, ಬಾಟ್ಲಿ ಬಿಟ್ಟು, ಬಿಪಿ ಗುಳಿಗೆ ಬದಲಿಸಿ, ಸ್ಟೇಶನ್ ರಸ್ತೆಯಲ್ಲಿ ದಿನಾ ನಡೆದು ಇಳಿದದ್ದು ಇಷ್ಟು. ನನಗೆ ಪಿಚ್ಚೆನಿಸಿತು, ಡಾಕ್ಟರಿಗೆ ಖುಷಿ. ಬರೀ ಪಥ್ಯದಿಂದ ಸಾಮಾನ್ಯವಾಗಿ ಒಂದರ ಆಸುಪಾಸು ಇಳಿಯುತ್ತದೆ, ಅದಕ್ಕಿಂತ ಹೆಚ್ಚು ಬಯಸಬಾರದು ಎಂದರು. ಗುರಿ ಇರುವುದು 6ರ ಕೆಳಗೆ. ವರ್ಷದೊಳಗೆ ಎರಡು ಸಲ ಬಂದದ್ದರಿಂದ ಅಲೊಪುರಿನಾಲ್ 100 ಮಿಲಿಗ್ರಾಂ ಶುರು, ಜೊತೆಗೆ ಕೆಲವು ತಿಂಗಳು ಕೊಲ್ಚಿಸಿನ್. ಅಲೊಪುರಿನಾಲ್ 1966ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧ. ಅದರ ಹಿಂದೆ ದುಡಿದ ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಇಬ್ಬರಿಗೂ 1988ರಲ್ಲಿ ನೊಬೆಲ್ ಬಂತು. ಪ್ಯೂರಿನ್ ಯೂರಿಕ್ ಆಮ್ಲವಾಗುವ ಕೊನೆಯ ಹಂತದ ಕಿಣ್ವವನ್ನೇ ಅದು ತಡೆಯುತ್ತದೆ. ತಿಂಗಳ ಖರ್ಚು ನನ್ನ ಹಳೆಯ ಬಾಟ್ಲಿಗಳ ಖರ್ಚಿಗಿಂತ ಕಡಿಮೆ.

"ಪಥ್ಯ ಸಾಲಲಿಲ್ಲೇನು?" ಎಂದಳು ಈಕೆ, ತಾನೇ ಸೋತಂತೆ ಮುಖ ಮಾಡಿ. ದಿನಾ ನನಗೆಂದೇ ಬೇರೆ ಪಲ್ಯ ಮಾಡಿದವಳು.

16 ಆಗಸ್ಟ್, ಶನಿವಾರ

ಬೆರಳು ಮತ್ತೆ ಬಾತಿದೆ, ಈ ಸಲ ಎಡಗಾಲು. "ಆ ಗುಳಿಗಿಯಿಂದೇ ಆಗ್ಯಾದ, ಬಿಸಾಕ್ರಿ" ಎಂಬುದು ಓಣಿಯ ಹೊಸ ತೀರ್ಪು. ಮಗಳಿಗೆ ಫೋನ್ ಹಚ್ಚಿದೆ. ರಕ್ತದ ಮಟ್ಟ ಇಳಿಯತೊಡಗಿದಾಗ ಹಳೆಯ ಹರಳುಗಳು ಸಡಿಲಾಗುತ್ತವೆ, ಮೊದಲ ತಿಂಗಳುಗಳಲ್ಲಿ ಹೀಗಾಗುವುದು ಇದ್ದದ್ದೇ, ನಿಲ್ಲಿಸಬ್ಯಾಡಪ್ಪ ಎಂದಳು. ಐಸ್ ಕಟ್ಟಿಕೊಂಡು ಕೂತಿದ್ದೇನೆ. ಬ್ಯಾಳಿಯ ಮಾತನ್ನು ಇವತ್ತು ಯಾರೂ ಎತ್ತಲಿಲ್ಲ, ಅದೊಂದು ಲಾಭ.

9 ಅಕ್ಟೋಬರ್, ಗುರುವಾರ

ಯೂರಿಕ್ ಆಮ್ಲ 5.6. ಅಲೊಪುರಿನಾಲ್ ಗುಳಿಗೆ ಈಗ 200 ಮಿಲಿಗ್ರಾಂ. ಹರಳು ಪೂರ್ತಿ ಕರಗಲು ವರ್ಷಗಳೇ ಹಿಡಿಯಬಹುದು, ಇಳಿಯಿತೆಂದು ನಿಲ್ಲಿಸುವಂತಿಲ್ಲ.

ಲಾರಿ ಡ್ರೈವರ್ ಒಬ್ಬ ಸಂಜೆ ಆಫೀಸಿಗೆ ಬಂದ. ಚಪ್ಪಲಿ ಕೈಯಲ್ಲೇ ಹಿಡಿದಿದ್ದ, ಬೆರಳು ಕೆಂಪಗೆ ಬಾತಿತ್ತು. "ಮುನೀಮ್ರೇ, ನಿಮ್ಮ ಗುಳಿಗಿ ಎರಡು ಕೊಡ್ರಿ, ರಾತ್ರಿ ಸೊಲ್ಲಾಪುರ ಲೋಡ್ ಅದ." ಕೊಡಲಿಲ್ಲ. ಇದು ನೋವು ಇಳಿಸುವ ಗುಳಿಗೆಯೇ ಅಲ್ಲ. ಕಿಡ್ನಿ ನೋಡಿ ಅಳತೆ ಹಾಕಬೇಕು, ಕೆಲವರಿಗೆ ಮೈಮೇಲೆ ಗಂಧೆ ಎದ್ದು ಜೀವಕ್ಕೇ ಕುತ್ತಾಗುತ್ತದೆ. ಗಂಧೆ ಕಂಡ ದಿನವೇ ನಿಲ್ಲಿಸಿ ಓಡಿ ಬರಬೇಕೆಂದು ನನಗೂ ಹೇಳಿದ್ದಾರೆ. ಅವನಿಗೆ ಕೋಪ ಬಂತು. ಲೋಡನ್ನು ಬೇರೆ ಗಾಡಿಗೆ ಬರೆದು, ನಾಳೆ ಚಿತ್ತಾಪುರ ಸರ್ಕಾರಿ ದವಾಖಾನೆಗೆ ಹೋಗು ಎಂದೆ. ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಕೇಳು ಎಂದು ಚೀಟಿ ಮಾಡಿಕೊಟ್ಟೆ. ಯೂರಿಕ್ ಆಮ್ಲದ ಈಗಿನ ರಿಪೋರ್ಟ್ ನಾರ್ಮಲ್ ಬಂದರೂ ಬಾವು ಇಳಿದ ಮೇಲೆ ಮತ್ತೊಮ್ಮೆ ಮಾಡಿಸು ಅಂತ ಅದರ ಕೆಳಗೆ ಗೆರೆ ಎಳೆದೆ.

ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ: "ಬ್ಯಾಳಿ ಬಿಡಬೇಕೇನ್ರಿ?"