ಪೀಪಾಯಿಗಳ ನಡುವೆ

ಮದ್ಯದ ಅಂಗಡಿಯನ್ನು ಕಂಡರೆ ರಸ್ತೆಯ ಆಚೆಯ ಬದಿಗೆ ಸರಿದು ನಡೆಯುವ ಅಭ್ಯಾಸ ನನಗೆ ಬಾಲ್ಯದಿಂದ ಬಂದುದು. ಅಂತಹ ನಾನು ೨೦೨೩ನೆಯ ಇಸವಿಯ ಮೇ ತಿಂಗಳಲ್ಲಿ, ಅರುವತ್ತೆಂಟನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ಕ್ಯಾಂಬ್ರಿಜ್ ನಗರದ ಒಂದು ಡೇರೆಯೊಳಗೆ ನಿಂತು ಮೂರು ಸಂಜೆ ಪರರಿಗೆ ಪಾನೀಯವನ್ನು ಅಳೆದುಕೊಟ್ಟೆನೆಂದರೆ ನಮ್ಮ ಊರಿನವರು ನಂಬಲಾರರು. ನಡೆದುದನ್ನು ನಡೆದಂತೆ ಹೇಳುತ್ತೇನೆ. ವಾಚಕರು ತಮಗೆ ತೋರಿದ ತೀರ್ಪನ್ನು ಕೊಡಲಿ.

ಮಗಳ ಸಂಸಾರದೊಡನೆ ನಾನು ಅಲ್ಲಿ ನೆಲಸಿ ಆಗ್ಗೆ ಮೂರು ವರ್ಷಗಳಾಗಿದ್ದುವು. ಹೆಂಡತಿ ತೀರಿಕೊಂಡ ಮೇಲೆ ನಾನು ಹೊರಗೆ ಹೊರಡುವುದನ್ನೇ ಬಿಟ್ಟಿದ್ದೆ. ಪಕ್ಕದ ಮನೆಯ ವೃದ್ಧರು, ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದವರು, ಇದನ್ನು ಗಮನಿಸಿದ್ದರೆಂದು ತೋರುತ್ತದೆ. ಒಂದು ದಿನ ಬೇಲಿಯ ಬಳಿ ನಿಂತು, “ನಮ್ಮ ಉತ್ಸವಕ್ಕೆ ಆಳುಗಳು ಸಾಲವು. ನಿಮ್ಮನ್ನು ಕುಡಿಯಲು ಕರೆಯುತ್ತಿಲ್ಲ, ಎರಡು ಕೈ ಬೇಕಾಗಿವೆ” ಎಂದರು. ಕೂಡಲೇ ಒಪ್ಪಲಿಲ್ಲ. ನನ್ನ ಚಿಕ್ಕಪ್ಪನವರು ಎರಡು ಎಕರೆ ಗದ್ದೆಯನ್ನೂ ಚಿಕ್ಕಮ್ಮನ ಕೊರಳ ಸರವನ್ನೂ ಸಾರಾಯಿಗೆ ಸುರಿದವರು. ಅವರು ಸತ್ತ ವರ್ಷ ನನ್ನ ತಾಯಿಯವರು ದೇವರ ಮುಂದೆ ನಿಲ್ಲಿಸಿ ನನ್ನಿಂದ ಭಾಷೆ ತೆಗೆದುಕೊಂಡಿದ್ದರು. ಭಾಷೆ ಕುಡಿಯುವುದಿಲ್ಲವೆಂದು, ಕೈಯಿಂದ ಮುಟ್ಟುವುದಿಲ್ಲವೆಂದಲ್ಲ. ಈ ವಕೀಲಿಯನ್ನು ನನ್ನೊಡನೆ ನಾನೇ ಎರಡು ದಿನ ನಡೆಸಿ, ಕಡೆಗೆ ಹೊರಟೆ.

ಕ್ಯಾಮ್ ನದಿಯ ದಡದಲ್ಲಿ ಜೀಸಸ್ ಗ್ರೀನ್ ಎಂಬ ವಿಶಾಲವಾದ ಹುಲ್ಲುಗಾವಲು ಇದೆ. ಅದರ ನಡುವೆ ಎತ್ತರವಾದ ಪ್ಲೇನ್ ಮರಗಳ ಸಾಲು. ಒಂದು ಅಂಚಿನಲ್ಲಿ ದೋಣಿಗಳನ್ನು ಏರಿಸಿ ಇಳಿಸುವ ನೀರ್ಬಾಗಿಲು. ಉತ್ಸವದ ಡೇರೆಗಳು ಏಳುವುದು ಈ ಬಯಲಿನಲ್ಲಿ. ಮೊದಲ ಉತ್ಸವ ೧೯೭೪ರಲ್ಲಿ ನಗರದ ಹಳೆಯ ಧಾನ್ಯದ ಮಾರುಕಟ್ಟೆಯ ಕಟ್ಟಡದಲ್ಲಿ ನಡೆಯಿತಂತೆ. ಅಂದಿನಿಂದಲೂ ಡೇರೆಯ ಕೆಲಸಗಾರರೆಲ್ಲ ಸಂಬಳವಿಲ್ಲದ ಸ್ವಯಂಸೇವಕರೇ. ನನ್ನೊಡನೆ ಪೀಪಾಯಿ ಹೊತ್ತವರಲ್ಲಿ ಒಬ್ಬರು ದಾದಿ, ಒಬ್ಬರು ಗಣಿತಶಾಸ್ತ್ರಜ್ಞರು, ಮತ್ತೊಬ್ಬರು ಬಸ್ಸು ನಡೆಸುವವರು. ರಜೆ ಹಾಕಿ ಬಂದು ಬೆವರು ಸುರಿಸುತ್ತಿದ್ದರು.

ಒಂದು ಪಾನೀಯಕ್ಕಾಗಿ ಇಷ್ಟು ಶ್ರಮವೇಕೆಂದು ಕೇಳಿದಾಗ ವೃದ್ಧರು ಪೂರ್ವಕಥೆಯನ್ನು ಹೇಳಿದರು. ಆಂಗ್ಲೇಯರ ಹಳೆಯ ಏಲ್ ಪೀಪಾಯಿಯೊಳಗೂ ಜೀವಂತವಾಗಿರುವ ವಸ್ತು. ಮೊಳೆತ ಜವೆಗೋಧಿಯ ರಸ ಹಾಪ್ ಎಂಬ ಬಳ್ಳಿಯ ಹೂವಿನೊಡನೆ ಕುದಿದು, ಹುದುಗಿ, ಪೀಪಾಯಿಗೆ ಸೇರಿದ ಮೇಲೆಯೂ ಮತ್ತೊಮ್ಮೆ ಹುದುಗುತ್ತದೆ. ೧೯೬೦ರ ದಶಕದಲ್ಲಿ ದೊಡ್ಡ ದೊಡ್ಡ ಕಾರಖಾನೆಗಳು ಅದನ್ನು ಸೋಸಿ, ಕಾಯಿಸಿ, ಕಿಣ್ವವನ್ನು ಕೊಂದು, ಅನಿಲವನ್ನು ತುಂಬಿ ಮಾರತೊಡಗಿದುವು. ಅದು ಕೆಡುವುದಿಲ್ಲ, ನೋಡಿಕೊಳ್ಳುವ ಜಾಣನೂ ಬೇಕಿಲ್ಲ. ಹಳೆಯದು ಇನ್ನೇನು ಅಳಿಯಿತೆನ್ನುವಾಗ, ೧೯೭೧ರಲ್ಲಿ ಐರ್ಲೆಂಡಿಗೆ ಪ್ರವಾಸ ಹೋಗಿದ್ದ ನಾಲ್ವರು ತರುಣರು ಅದನ್ನು ಉಳಿಸಲು ಒಂದು ಸಂಘವನ್ನು ಕಟ್ಟಿದರು. ಕ್ಯಾಮ್ರಾ ಎಂಬ ಆ ಸಂಘದ ಊರಿನ ಶಾಖೆಯದೇ ಈ ಉತ್ಸವ.

ಪೀಪಾಯಿಯ ಉಪಚಾರವನ್ನು ನೋಡಿದ ಮೇಲೆ ನನಗೆ ನೆನಪಾದುದು ನಮ್ಮ ಅಡಿಗೆಮನೆ. ಒಂದು ಫರ್ಕಿನ್ ಎಂದರೆ ಒಂಬತ್ತು ಗ್ಯಾಲನ್, ಎಪ್ಪತ್ತೆರಡು ಪೈಂಟುಗಳ ಪೀಪಾಯಿ. ಅದನ್ನು ಮಲಗಿಸಿ, ಅಲುಗದಂತೆ ಬೆಣೆ ಕೊಟ್ಟು, ಮೇಲಿನ ಬಿರಡೆಗೆ ಮೆತುವಾದ ಮರದ ಮೊಳೆಯೊಂದನ್ನು ಹೊಡೆಯುತ್ತಾರೆ. ಒಳಗಿನ ಉಸಿರು ಆ ಮೊಳೆಯ ಮೂಲಕ ನೊರೆನೊರೆಯಾಗಿ ಹೊರಬರುತ್ತದೆ. ಬಿರುಸು ಇಳಿದ ಮೇಲೆ ಗಟ್ಟಿಯ ಮೊಳೆ. ಇನ್ನು ಅಲುಗಿಸಬಾರದು, ಬಿಸಿ ತಾಗಿಸಬಾರದು; ಹನ್ನೆರಡು ಹದಿಮೂರು ಡಿಗ್ರಿಯ ತಂಪಿನಲ್ಲಿ ಗಷ್ಟು ತಳಕ್ಕೆ ಇಳಿಯುವವರೆಗೆ ಕಾಯಬೇಕು. ಹಿಂದಿನ ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಉಕ್ಕಿತೋ ಹುಳಿಯಿತೋ ಎಂದು ಬೆಳಗಿನ ಜಾವ ಮುಚ್ಚಳ ತೆಗೆದು ನೋಡುತ್ತಿದ್ದ ನನ್ನ ಹೆಂಡತಿಯ ಮುಖವನ್ನು ಆ ಗಣಿತಶಾಸ್ತ್ರಜ್ಞರಲ್ಲಿ ಕಂಡೆನೆಂದರೆ ನಗಬೇಡಿರಿ. ಒಮ್ಮೆ ತೆರೆದು ಗಾಳಿ ಹೊಕ್ಕಿತೆಂದರೆ ಕೆಲವೇ ದಿನಗಳಲ್ಲಿ ಅದು ಖರ್ಚಾಗಬೇಕು, ಇಲ್ಲವಾದರೆ ಹುಳಿ. (ಅದನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದ ಅಂಟನ್ನು ಹಾಕುವ ಪದ್ಧತಿಯುಂಟೆಂದು ತಿಳಿದಂದು ನನ್ನ ಭಾಷೆ ಮತ್ತಷ್ಟು ಸುಲಭವಾಯಿತು. ಈಚೆಗೆ ಕೆಲವರು ಅದನ್ನು ಬಿಟ್ಟಿದ್ದಾರೆ.) ನಾನು ಹೊಡೆದ ಮೊದಲ ಮೊಳೆಯೇ ಚಿಮ್ಮಿ, ನನ್ನ ಉಣ್ಣೆಯ ಕೋಟು ಎದೆಯಿಂದ ತೋಳಿನವರೆಗೆ ನೆನೆಯಿತು. ಎಲ್ಲರೂ ಕೈತಟ್ಟಿದರು.

ಉತ್ಸವ ತೆರೆದ ಮೇಲೆ ನನ್ನನ್ನು ಸೈಡರಿನ ಕಟ್ಟೆಗೆ ಹಾಕಿದರು. ಸೈಡರು ಸೇಬಿನ ರಸ ಹುದುಗಿದುದು. ಪೆರಿ ಎಂಬುದು ಪೇರು ಹಣ್ಣಿನದು. ಇವಕ್ಕೆ ಬೇಕಾದ ಹಣ್ಣೇ ಬೇರೆ: ಕಚ್ಚಿದರೆ ನಾಲಗೆಯನ್ನು ಹಿಂಡುವಷ್ಟು ಒಗರು. ಕಿಂಗ್‌ಸ್ಟನ್ ಬ್ಲ್ಯಾಕ್ ಎಂಬ ಸಾಮರ್‌ಸೆಟ್ ಸೀಮೆಯ ಸೇಬಿನ ಹೆಸರನ್ನು ಗಿರಾಕಿಗಳು ನಾವು ರಸಪೂರಿಯ ಹೆಸರನ್ನು ಹೇಳುವ ಆದರದಿಂದ ಹೇಳುತ್ತಿದ್ದರು. ಪೆರಿಯ ಮರಗಳಂತೂ ಇನ್ನೂರು ಮುನ್ನೂರು ವರ್ಷ ಬಾಳುತ್ತವೆ. ನೆಟ್ಟವನಿಗಿಂತ ಅವನ ಮೊಮ್ಮಕ್ಕಳಿಗೇ ಫಲ ಹೆಚ್ಚು, ನಮ್ಮ ಹುಣಿಸೆಯಂತೆ. ಅಳತೆ ಒಂದು ಪೈಂಟು, ಅರ್ಧ, ಇಲ್ಲವೆ ಮೂರನೆಯ ಒಂದು. ಸೈಡರು ಸಾಮಾನ್ಯವಾಗಿ ಏಲಿಗಿಂತ ಬಲವಾದುದರಿಂದ ಬಲ್ಲವರು ಚಿಕ್ಕ ಅಳತೆಯನ್ನೇ ಕೇಳುತ್ತಿದ್ದರು. ಒಂಬತ್ತು ಗಂಟೆಯವರೆಗೂ ಬೆಳಕು. ಹುಲ್ಲಿನ ಮೇಲೆ ಕುಳಿತು ಹರಟುವ ಮುದುಕರು, ವಿದ್ಯಾರ್ಥಿಗಳು. ಇಷ್ಟು ಜನ ಸಭ್ಯರಾಗಿ ಕುಡಿದು ಎದ್ದುಹೋಗುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆದರೂ ಯಾರ ಮನೆಯಲ್ಲಿ ಯಾವ ಸರ ಮಾಯವಾಗುತ್ತಿದೆಯೋ ಎಂಬ ಶಂಕೆ ನನ್ನನ್ನು ಬಿಡಲಿಲ್ಲ.

ಮೂರನೆಯ ಸಂಜೆ ಒಬ್ಬ ದೊಡ್ಡ ಆಳು ಬಂದು ಗಾಜಿನ ಬಟ್ಟಲನ್ನು ಎರಡೂ ಕೈಗಳಿಂದ ನೀಡಿದ. ಮಾತು ವಿನಯವಾಗಿಯೇ ಇತ್ತು. ಆದರೆ ಬಟ್ಟಲು ತನ್ನಷ್ಟಕ್ಕೆ ತಾನೇ ಸಣ್ಣಗೆ ಸುತ್ತುತ್ತಿತ್ತು. ಚಿಕ್ಕಪ್ಪನವರೂ ಹಾಗೆಯೇ ಎರಡು ಕೈಗಳಿಂದ ಹಿಡಿಯುತ್ತಿದ್ದರು. ಮತ್ತನಾದವನಿಗೆ ಕೊಡುವುದು ಆ ದೇಶದ ೨೦೦೩ರ ಶಾಸನದಂತೆ ಅಪರಾಧವೆಂದು ನಮಗೆ ಮೊದಲೇ ತಿಳಿಸಿದ್ದರು. ನಾನು, “ಇಲ್ಲ, ಸ್ವಾಮಿ” ಎಂದೆ. ಆತ ನಕ್ಕ, ಮತ್ತೆ ಕೇಳಿದ, ಹಿಂದಿನ ಸಾಲು ಬೆಳೆಯಿತು. “ಇಲ್ಲ” ಎಂದು ಎರಡನೆಯ ಸಲ ಹೇಳುವಾಗ ನನ್ನ ಸ್ವರ ನಡುಗಿತು. ಅಷ್ಟರಲ್ಲಿ ವೃದ್ಧರು ಬಂದು ಬಟ್ಟಲಿಗೆ ನೀರು ತುಂಬಿ, ಆತನ ಹೆಗಲ ಮೇಲೆ ಕೈಯಿಟ್ಟು, ಮರದ ಕೆಳಗೆ ಕೂರಿಸಿ, ಬಾಡಿಗೆಯ ಕಾರು ಬರುವವರೆಗೆ ಜೊತೆಯಲ್ಲಿಯೇ ಕುಳಿತರು. ನಮ್ಮ ಊರಿನ ಅಂಗಡಿಯವನು ಚಿಕ್ಕಪ್ಪನಿಗೆ ಒಂದು ದಿನವೂ ಇಲ್ಲವೆಂದವನಲ್ಲ, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಹಿಂದಿರುಗಿ ಬಂದು ವೃದ್ಧರು ಹೇಳಿದುದು ಇಷ್ಟೇ: “ನನಗಿಂತ ಮೊದಲು ನೀವು ಕಂಡಿರಿ.”

ಕಡೆಯ ದಿನ ಬರಿಯ ಪೀಪಾಯಿಗಳನ್ನು ಉರುಳಿಸಿ ಲಾರಿಗೆ ಏರಿಸಿದೆವು. ಮನೆಗೆ ಬಂದಾಗ ಮೊಮ್ಮಗ ಮೂಗು ಮುಚ್ಚಿಕೊಂಡು ದೂರ ಓಡಿದ. ನಾನೂ ಚಿಕ್ಕಪ್ಪನ ಹೊದಿಕೆಯಿಂದ ಹಾಗೆಯೇ ಓಡುತ್ತಿದ್ದೆ. ಮಗಳು ಕೋಟನ್ನು ಎರಡು ಸಲ ಒಗೆದು ಹಿತ್ತಲಿನ ಹಗ್ಗದ ಮೇಲೆ ಹರವಿದಳು. ಮುಂದಿನ ವರ್ಷಕ್ಕೂ ಹೆಸರು ಬರೆಸಿದ್ದೇನೆಂದು ಕೇಳಿ, “ಯಾವ ಕೆಲಸಕ್ಕೆ, ಅಪ್ಪ? ಪೀಪಾಯಿ ಹೊರುವುದಕ್ಕೋ?” ಎಂದಳು.

“ಇಲ್ಲ, ಸೈಡರಿನ ಕಟ್ಟೆಗೇ” ಎಂದೆ.