ಬಂದ ಗುರುತು ಉಳಿಯಬಾರದು

ಪ್ರತಿ ಚಳಿಗಾಲದಲ್ಲೂ ನಾನು ಶಾಲಾ ಮಕ್ಕಳ ನಿಸರ್ಗ ಶಿಬಿರಕ್ಕೆ ಸ್ವಯಂಸೇವಕನಾಗಿ ಹೋಗುತ್ತೇನೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಶಿಕ್ಷಕರ ಜೊತೆಯಲ್ಲಿ, ಕೋಲಾರದ ಬೆಟ್ಟಸಾಲಿನ ಅಂಚಿನಲ್ಲಿ ಒಂದು ರಾತ್ರಿ ತಂಗುತ್ತೇವೆ. ಅಲ್ಲಿ ನಲ್ಲಿ ಇಲ್ಲ, ವಿದ್ಯುತ್ ಇಲ್ಲ, ಶೌಚಾಲಯವೂ ಇಲ್ಲ. ಎಲ್ಲರಿಗಿಂತ ಮೊದಲು ಹೋಗಿ ಜಾಗ ನೋಡುವುದು, ಎಲ್ಲರೂ ಹೊರಟ ಮೇಲೆ ಕೊನೆಗೆ ಹೊರಡುವುದು ನನ್ನ ಕೆಲಸ.

ನಮ್ಮ ಬೇತಮಂಗಲದ ಮಕ್ಕಳು, “ಅಣ್ಣಾ, ಕಾಮಸಮುದ್ರದ ಕಾಡಿಗೆ ಹೋಗೋಣ” ಎನ್ನುತ್ತಾರೆ. ಆ ಕಡೆ ನೆರೆ ರಾಜ್ಯಗಳ ಕಾಡಿನಿಂದ ಆನೆಗಳು ಬರುತ್ತವೆ. ಆನೆ ಓಡಾಡುವ ಜಾಗದಲ್ಲಿ ರಾತ್ರಿ ತಂಗಬಾರದು. ಎಲ್ಲಿ ತಂಗಬಾರದು ಎಂದು ತಿಳಿಯುವುದೇ ಮೊದಲ ಪಾಠ.

ಎರಡನೆಯ ಪಾಠ ನೀರಿನದು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಮಳೆಯ ನೀರು ಹಳ್ಳದಿಂದ ಕೆರೆಗೆ, ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆಗೆ ಹೋಗುತ್ತದೆ. ಬೇತಮಂಗಲದ ಕೆರೆ ಪಾಲಾರ್ ನದಿಯ ಮೇಲಿದೆ. ಚಿನ್ನದ ಗಣಿಗಳಿದ್ದ ಕೆ.ಜಿ.ಎಫ್.ಗೆ ಕುಡಿಯುವ ನೀರು ಹೋಗುತ್ತಿದ್ದುದು ಇಲ್ಲಿಂದಲೇ. ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಮೇಲಿನ ಹಳ್ಳಕ್ಕೆ ಬಿದ್ದ ಕೊಳೆ ಕೆಳಗಿನ ಕೆರೆಗೆ ಇಳಿಯುವುದು ಇಂದಿಗೂ ತಪ್ಪಿಲ್ಲ. ಆದ್ದರಿಂದ ಶಿಬಿರದಲ್ಲಿ ಹಳ್ಳದ ನೀರಿಗೆ ಸೋಪು ಹಾಕುವಂತಿಲ್ಲ. ಬಕೆಟ್ಟಿನಲ್ಲಿ ನೀರು ತಂದು ದೂರದಲ್ಲಿ ತೊಳೆಯಬೇಕು.

ಶೌಚಕ್ಕೂ ನಿಯಮವಿದೆ. ನೀರಿನಿಂದ ಸುಮಾರು 60 ಮೀಟರ್ ದೂರ ಹೋಗಬೇಕು. ನಿಮ್ಮ ಹೆಜ್ಜೆಯಲ್ಲಿ ಅದು ನೂರಿಪ್ಪತ್ತು ಹೆಜ್ಜೆ ಆದೀತು. ಅಲ್ಲಿ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚಬೇಕು. ಇನ್ನೂ ಆಳ ಏಕೆ ಬೇಡ? ಕೊಳೆಸುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಹೆಚ್ಚಾಗಿರುವುದು ಮೇಲ್ಮಣ್ಣಿನಲ್ಲಿ. ಆಳಕ್ಕೆ ಹೋದಂತೆ ಗಾಳಿಯೂ ಕಡಿಮೆ, ಅವೂ ಕಡಿಮೆ. ಮುಚ್ಚದೆ ಬಿಟ್ಟರೆ ನೊಣ ಮುತ್ತುತ್ತವೆ, ಮಳೆ ಕೊಚ್ಚಿಕೊಂಡು ಹೋಗುತ್ತದೆ.

“ಬಾಳೆಹಣ್ಣಿನ ಸಿಪ್ಪೆ ಕೊಳೆಯುತ್ತಲ್ಲಣ್ಣಾ, ಎಸೆದರೆ ಏನು?” ಎಂದು ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಸಿಪ್ಪೆ ಕೊಳೆಯುವ ಮೊದಲೇ ಕೋತಿ ಬರುತ್ತದೆ. ಮನುಷ್ಯರಿದ್ದಲ್ಲಿ ತಿಂಡಿ ಸಿಗುತ್ತದೆ ಎಂದು ಕಲಿತ ಕೋತಿ ಮುಂದೆ ಚೀಲ ಕಿತ್ತುಕೊಳ್ಳುತ್ತದೆ. ಹಾಗಾಗಿ ಸಿಪ್ಪೆಯೂ ನಮ್ಮ ಜೊತೆ ಊರಿಗೆ ವಾಪಸು.

ಬೆಂಕಿಯನ್ನಂತೂ ಹಾಕುವುದೇ ಇಲ್ಲ. ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಬೂದಿ ಮುಚ್ಚಿದ ಕೆಂಡ ಗಂಟೆಗಟ್ಟಲೆ ಆರುವುದಿಲ್ಲ. ಗಾಳಿ ಬೀಸಿದರೆ ಒಣಹುಲ್ಲಿಗೆ ಒಂದು ಕಿಡಿ ಸಾಕು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಹಬ್ಬಿ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು.

ಬೆಂಕಿ ಇಲ್ಲವೆಂದು ಮಕ್ಕಳು ಮೊದಲು ಮುಖ ಸಣ್ಣ ಮಾಡುತ್ತಾರೆ. ಟಾರ್ಚ್ ಆರಿಸಿ ಅರ್ಧ ಗಂಟೆ ಕೂತರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ಆಗ ಆಕಾಶದ ತುಂಬ ನಕ್ಷತ್ರ! ಮಹಾವ್ಯಾಧನ ನಡುಪಟ್ಟಿಯ ಮೂರು ಚುಕ್ಕಿಗಳನ್ನು ಯಾರಾದರೂ ಕಂಡುಹಿಡಿದೇ ಹಿಡಿಯುತ್ತಾರೆ. ಮರಳುವಾಗ ಎಲ್ಲರೂ ಸಾಲಾಗಿ ನಿಂತು ನೆಲ ನೋಡುತ್ತಾ ನಡೆಯುತ್ತೇವೆ. ಒಂದು ಚಾಕೊಲೇಟ್ ಕಾಗದವೂ ಉಳಿಯುವುದಿಲ್ಲ.

ನೀವೂ ಮಾಡಿ ನೋಡಿ: ಒಂದು ಕುಂಡದ ಮಣ್ಣಿನಲ್ಲಿ ಒಣಗಿದ ಎಲೆ, ಬಾಳೆಹಣ್ಣಿನ ಸಿಪ್ಪೆ, ಬಿಸ್ಕತ್ತಿನ ಪ್ಲಾಸ್ಟಿಕ್ ಹೊದಿಕೆ ಇವನ್ನು ಬೇರೆ ಬೇರೆಯಾಗಿ ಹೂಳಿ. ಮಣ್ಣು ತೇವವಾಗಿರಲಿ. ಎರಡು ತಿಂಗಳ ನಂತರ ತೆಗೆದು ನೋಡಿ. ಯಾವುದು ಮಣ್ಣಾಯಿತು, ಯಾವುದು ಹಾಗೇ ಇದೆ ಎಂದು ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.