ಮಲ್ಲಯ್ಯನ ದಾರಿಗೆ ಹೊಸಬರು

ಶ್ರೀಶೈಲದ ಪಾದಯಾತ್ರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೋಳಿ ಹುಣ್ಣಿಮೆಯ ಆಸುಪಾಸಿಗೆ ಹೊರಟು ಯುಗಾದಿಯ ಹೊತ್ತಿಗೆ ಗುಡಿ ಮುಟ್ಟುತ್ತದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಕಲಬುರಗಿ, ರಾಯಚೂರು ಸೀಮೆಯ ಗುಂಪುಗಳು ಬೇರೆ ಬೇರೆ ದಾರಿಗಳಲ್ಲಿ ಬಂದರೂ, ಅವುಗಳಲ್ಲಿ ಬಹುಪಾಲು ಕರ್ನೂಲಿನ ಕಡೆಯಿಂದ ಆತ್ಮಕೂರಿಗೆ ಬಂದು, ಅಲ್ಲಿಂದ ನಲ್ಲಮಲದ ಕಾಡು ಹೊಗುತ್ತವೆ. ಬಾಗಲಕೋಟೆ ಕಡೆಯವರಿಗೆ ಇದು ಸುಮಾರು 350ರಿಂದ 400 ಕಿ.ಮೀ. ನಡಿಗೆ. ದಿನಕ್ಕೆ ಮೂವತ್ತು, ನಲವತ್ತು ಕಿ.ಮೀ. ಹೆಜ್ಜೆ ಹಾಕಿದರೂ ಹತ್ತು ಹನ್ನೆರಡು ದಿನ ಬೇಕು.

ಪ್ರತಿ ಗುಂಪಿನಲ್ಲೂ ಮೊದಲ ಸಲ ನಡೆಯುವವರು ಇದ್ದೇ ಇರುತ್ತಾರೆ. ಅವರನ್ನು ಯಾರೂ ಭಾಷಣ ಮಾಡಿ ಒಪ್ಪಿಸಿ ಕರೆತಂದಿರುವುದಿಲ್ಲ. ಊರ ಕಂಬಿ ಹೊರಡುವ ದಿನ ಡೊಳ್ಳು, ಭಜನೆ, ಬೀಳ್ಕೊಡಲು ಅಗಸಿಯವರೆಗೆ ಬಂದ ಜನ, ಇಷ್ಟೇ ಸಾಕಾಗುತ್ತದೆ. ಕಂಬಿಯೆಂದರೆ ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ಹೆಸರಿನಲ್ಲಿ ಸಿಂಗರಿಸಿ ಹೆಗಲ ಮೇಲೆ ಹೊತ್ತು ನಡೆಯುವ ಕೋಲು. ಅದು ಮುಂದೆ, ಊರವರು ಹಿಂದೆ. ಬೀಳ್ಕೊಡಲು ಬಂದವರಲ್ಲಿ ಒಬ್ಬಿಬ್ಬರು ಮುಂದಿನ ಊರಿನವರೆಗೆ ನಡೆಯುತ್ತಾರೆ. ಮರುವರ್ಷ ಅವರೂ ಹೊರಟು ನಿಲ್ಲುತ್ತಾರೆ. ಒಂದು ದಿನ ಜೊತೆಗೆ ನಡೆಸಿಕೊಂಡು ಹೋಗುವುದಕ್ಕಿಂತ ಒಳ್ಳೆಯ ಆಹ್ವಾನ ಈ ಯಾತ್ರೆಗೆ ಮತ್ತೊಂದಿಲ್ಲ.

ಹೊಸಬರು ಊರವರ ಜೊತೆಗೇ ಹೊರಡುವುದು ಲೇಸು. ಹಾಸಿಗೆ, ಹಿಟ್ಟು, ಪಾತ್ರೆ ಟ್ರ್ಯಾಕ್ಟರಿನಲ್ಲೋ ಟಂಟಂನಲ್ಲೋ ಬರುತ್ತವೆ. ನಡೆಯುವವನ ಹೆಗಲಿಗೆ ನೀರಿನ ಬಾಟಲಿ, ಟವೆಲ್ಲು, ಬ್ಯಾಟರಿ ಇದ್ದರೆ ಸಾಕು. ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದವನನ್ನು ಹಳಬರು ಮೊದಲ ದಿನವೇ ಗುರುತಿಸುತ್ತಾರೆ. ಕಾಲಿಗೆ ಹೊಂದಿದ ಹಳೆಯ ಚಪ್ಪಲಿಯೇ ಈ ದಾರಿಗೆ ಸರಿ. ಫಾಲ್ಗುಣದ ಕೊನೆಯೆಂದರೆ ರಾಯಚೂರು ಸೀಮೆಯಲ್ಲಿ ಆಗಲೇ ಸುಡುಬಿಸಿಲು. ಅದಕ್ಕಾಗಿ ನಸುಕಿನ ಮೂರು, ನಾಲ್ಕು ಗಂಟೆಗೆ ಎದ್ದು ನಡೆದು, ಹತ್ತರ ಹೊತ್ತಿಗೆ ಬೇವಿನ ನೆರಳು ಹಿಡಿದು, ಇಳಿಹೊತ್ತಿಗೆ ಮತ್ತೆ ಹೊರಡುವುದು ರೂಢಿ. ಮೊದಲ ಎರಡು ದಿನ ಹುಮ್ಮಸ್ಸಿನಲ್ಲಿ ಮುಂದೆ ಓಡುವ ಹುಡುಗರನ್ನು ಹಿರಿಯರು ತಡೆಯುವುದು ಸುಮ್ಮನೆ ಅಲ್ಲ. ಮೂರನೆಯ ದಿನ ಕಾಲು ಹಿಡಿದುಕೊಳ್ಳುತ್ತದೆ, ಅಂಗಾಲಿನಲ್ಲಿ ಬೊಬ್ಬೆ ಏಳುತ್ತವೆ.

ಬೊಬ್ಬೆಗೆ ಮಾಡುವ ಉಪಚಾರವನ್ನು ಹತ್ತಿರದಿಂದ ನೋಡಬೇಕು. ರಾತ್ರಿ ತಂಗಿದ ಗುಡಿಯ ಕಟ್ಟೆಯ ಮೇಲೆ ಹಿರಿಯರೊಬ್ಬರು ಹುಡುಗನ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಸೂಜಿಯ ತುದಿಯನ್ನು ಬೆಂಕಿಯಲ್ಲಿ ಕಾಯಿಸಿ, ದಾರ ಪೋಣಿಸಿ, ಬೊಬ್ಬೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಸುತ್ತಾರೆ. ಸೂಜಿ ತೆಗೆದರೂ ದಾರವನ್ನು ಒಳಗೇ ಬಿಟ್ಟು, ಎರಡೂ ತುದಿ ಹೊರಗೆ ಇಳಿಬಿಡುತ್ತಾರೆ. ನೀರು ದಾರದ ಗುಂಟ ಬಸಿದು ಹೋಗುತ್ತದೆ. ಮೇಲಿನ ತೊಗಲು ಕಿತ್ತುಬರದೆ ಅಂಗಾಲಿಗೆ ಹೊದಿಕೆಯಾಗಿ ಉಳಿಯುತ್ತದೆ. ಮೇಲೆ ಎಣ್ಣೆ, ಅರಿಸಿನ. ವೈದ್ಯರು ಇದನ್ನು ಒಪ್ಪಲಿಕ್ಕಿಲ್ಲ, ಸಕ್ಕರೆ ಕಾಯಿಲೆ ಇದ್ದವರಂತೂ ಮಾಡಿಸಿಕೊಳ್ಳಲೇಬಾರದು. ಆದರೆ ವಯಸ್ಸಿನಲ್ಲಿ ಹಿರಿಯರಾದವರು ಕಿರಿಯನ ಕಾಲು ಮುಟ್ಟುವ ಆ ಹೊತ್ತಿನಲ್ಲಿ ಹೊಸಬನ ಸಂಕೋಚವೆಲ್ಲ ಹೋಗಿಬಿಡುತ್ತದೆ. ನಡೆಯುವವರೆಲ್ಲ ಒಬ್ಬರಿಗೊಬ್ಬರು ಶರಣರು ಎಂಬುದು ಬರೀ ಮಾತಾಗಿ ಉಳಿಯದಿರುವುದು ಇಂಥಲ್ಲಿ.

ದಾರಿಯ ಇನ್ನೊಂದು ಬಲ ದಾಸೋಹ. ಊರೂರಿಗೂ ಪೆಂಡಾಲು, ಮರದಡಿಯಲ್ಲಿ ಒಲೆ. ಕಟಕಟಿ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ, ಅನ್ನ, ಸಾರು, ಮಜ್ಜಿಗೆ, ಕಲ್ಲಂಗಡಿ ಹೋಳು. "ಬರ್ರಿ ಶರಣರ, ಪ್ರಸಾದ ತಗೊಂಡ ಹೋಗ್ರಿ" ಎಂದು ರಸ್ತೆಗೇ ಬಂದು ಕೈ ಹಿಡಿಯುತ್ತಾರೆ. ನಡೆಯಲಾಗದವರು ನಡೆಯುವವರಿಗೆ ಉಣಿಸಿ ಯಾತ್ರೆಯ ಪಾಲು ಪಡೆಯುತ್ತಾರೆ. ಹೊಸಬರು ಮೊದಮೊದಲು ಹಣ ಕೊಡಲು ಹೋಗಿ ಮುಜುಗರಪಡುವುದುಂಟು. ಇಲ್ಲಿ ಬೇಕಾದದ್ದು ತಟ್ಟೆಯಲ್ಲಿ ಬಿಡದೆ ಉಣ್ಣುವುದು, ಎಲೆ ಲೋಟಗಳನ್ನು ಕಂಡಲ್ಲಿ ಎಸೆಯದಿರುವುದು, ಸಾಧ್ಯವಾದರೆ ಅರ್ಧ ಗಂಟೆ ಬಡಿಸಲು ನಿಲ್ಲುವುದು.

ಈ ದಾರಿ ಬಹಳ ಹಳೆಯದು. 13ನೆಯ ಶತಮಾನದ ಪಾಲ್ಕುರಿಕೆ ಸೋಮನಾಥ ತನ್ನ ತೆಲುಗು ಕೃತಿ 'ಪಂಡಿತಾರಾಧ್ಯ ಚರಿತ್ರ'ದಲ್ಲಿ ಶ್ರೀಶೈಲಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಅಕ್ಕಮಹಾದೇವಿ ಕಲ್ಯಾಣದಿಂದ ಹೊರಟು ಕದಳಿಯ ಬನಕ್ಕೆ ಸೇರಿದ್ದು ಈ ಬೆಟ್ಟದಲ್ಲೇ ಎಂಬುದು ನಂಬಿಕೆ. ಆದರೆ ಹೊಸಬರಿಗೆ ಹೇಳಬೇಕಾದ ಕಥೆ ಸೊನ್ನಲಿಗೆಯ ಸಿದ್ಧರಾಮನದು. ರಾಘವಾಂಕನ 'ಸಿದ್ಧರಾಮ ಚರಿತ್ರೆ'ಯಲ್ಲಿ ಅದು ಬರುತ್ತದೆ. ದನ ಕಾಯುವ ಹುಡುಗನ ಬಳಿಗೆ ಮಲ್ಲಯ್ಯ ಜಂಗಮನಾಗಿ ಬಂದು ಉಣ್ಣಲು ಬೇಡುತ್ತಾನೆ. ಹುಡುಗ ಮನೆಗೆ ಓಡಿ ಬುತ್ತಿ ತರುವಷ್ಟರಲ್ಲಿ ಅತಿಥಿ ಇಲ್ಲ. ಅಳುತ್ತ ಕೂಗುವ ಅವನನ್ನು ಶ್ರೀಶೈಲಕ್ಕೆ ಹೊರಟ ಯಾತ್ರಿಕರು ಕಂಡು, ನಿನ್ನ ಮಲ್ಲಯ್ಯನನ್ನು ತೋರಿಸುತ್ತೇವೆಂದು ಕರೆದೊಯ್ಯುತ್ತಾರೆ. ಗುಡಿಯಲ್ಲಿ ಲಿಂಗ ತೋರಿಸಿದರೆ ಹುಡುಗ ಒಪ್ಪುವುದಿಲ್ಲ. ಬೆಟ್ಟದಲ್ಲಿ ಅಲೆದು ಹುಡುಕಿ, ಕಾಣದೆ ಕೊಳ್ಳಕ್ಕೆ ಧುಮುಕಲು ಹೊರಟಾಗ ಮಲ್ಲಯ್ಯನೇ ಹಿಡಿದು ನಿಲ್ಲಿಸುತ್ತಾನೆ. ಹಾದಿ ತೋರಿಸುವುದಷ್ಟೇ ಜೊತೆಗಾರರ ಕೈಲಿರುವುದು. ದೇವರನ್ನು ಹೇಗೆ ಕಾಣಬೇಕೆಂದು ಹೊಸಬನಿಗೆ ಪಾಠ ಹೇಳುವ ಹಿರಿಯರು ಈ ಕಥೆಯನ್ನು ಮತ್ತೊಮ್ಮೆ ಓದಬೇಕು.

ಯಾತ್ರೆಯ ತಿರುಳಿರುವುದು ಕೊನೆಯ ಹಂತದ ಕಾಡಿನಲ್ಲಿ. ಆತ್ಮಕೂರಿನ ಹತ್ತಿರದ ವೆಂಕಟಾಪುರ ಬಿಟ್ಟಮೇಲೆ ಡಾಂಬರು ರಸ್ತೆ ಮುಗಿದು ಕಲ್ಲುದಾರಿ, ಧೂಳು, ಬಿದಿರು. ನಾಗಲೂಟಿಯ ವೀರಭದ್ರನ ಗುಡಿ, ಚೆಂಚು ಜನರ ನೆಲೆಯಾದ ಪೆಚ್ಚೆರುವು, ಆಮೇಲೆ ಭೀಮುನಿ ಕೊಳನು. ಇದು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಮೀಸಲು ಕಾಡು. ಶಿವರಾತ್ರಿ, ಯುಗಾದಿಯಂಥ ಹೊತ್ತಿನಲ್ಲಿ ಮಾತ್ರ ಅರಣ್ಯ ಇಲಾಖೆ ಯಾತ್ರಿಕರಿಗೆ ದಾರಿ ಬಿಡುತ್ತದೆ. ಬೀಡಿ ಸೇದಿ ಎಸೆಯುವುದು, ಒಬ್ಬರೇ ಒಳದಾರಿ ಹಿಡಿಯುವುದು ಕೂಡದು. ಕೊಳನು ಆಳವಾದ ಕಣಿವೆ. ಅದರೊಳಗೆ ಮೆಟ್ಟಿಲಿಳಿದು, ಆ ಕಡೆಯ ಮೆಟ್ಟಿಲು ಹತ್ತಬೇಕು. 14ನೆಯ ಶತಮಾನದಲ್ಲಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದವನು ರೆಡ್ಡಿ ದೊರೆ ಪ್ರೋಲಯ ವೇಮಾರೆಡ್ಡಿ. ದಿನಗಟ್ಟಲೆ ನಡೆದು ಸೋತ ಮೊಣಕಾಲಿಗೆ ಈ ಏರು ಕಠಿಣ. ಮೇಲಿನವನು ಕೆಳಗಿನವನಿಗೆ ಕೈ ಕೊಡುತ್ತ, ಹಾಡು ಹಿಡಿದು ಏರುತ್ತಾರೆ. ಕೆಲವರು ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ಬರುತ್ತಾರೆ. ಅದನ್ನು ಕಂಡ ಹೊಸಬ ತನ್ನ ನೋವನ್ನು ಮರೆಯುತ್ತಾನೆ. ಏರು ಮುಗಿದಲ್ಲಿ ಕೈಲಾಸದ್ವಾರ.

ಕ್ಷೇತ್ರದಲ್ಲಿ ದಾರಿಯ ಧೂಳು ಹೊತ್ತ ಮೈಯಲ್ಲೇ ದೇವರನ್ನು ಕಾಣುವ ಧೂಳಿದರ್ಶನದ ಪದ್ಧತಿ ಹಿಂದಿನಿಂದ ಬಂದದ್ದು. ಲಿಂಗವನ್ನು ಕೈಯಾರೆ ಮುಟ್ಟುವ ಅವಕಾಶ ಇಲ್ಲಿನ ಹಿರಿಮೆ, ಆದರೆ ಯುಗಾದಿಯ ಜಾತ್ರೆಯ ಜನಸಾಗರದಲ್ಲಿ ಅದು ಎಲ್ಲ ಹೊತ್ತೂ ಸಿಗುವುದಿಲ್ಲ. ಇದನ್ನು ಹೊಸಬರಿಗೆ ಹೊರಡುವ ಮೊದಲೇ ಹೇಳಿರಬೇಕು. ಭ್ರಮರಾಂಬೆಯನ್ನು ಕನ್ನಡ ಸೀಮೆಯವರು ತಮ್ಮ ಮನೆಮಗಳೆಂದೂ ಮಲ್ಲಿಕಾರ್ಜುನನನ್ನು ಅಳಿಯನೆಂದೂ ಭಾವಿಸುತ್ತಾರೆ. ಸೀರೆ, ಕುಪ್ಪಸ, ಅರಿಸಿನ ಕುಂಕುಮ, ಬಳೆ ತಂದು ಒಪ್ಪಿಸುವ ಹೆಂಗಸರು ತವರಿನ ಕಡೆಯವರ ಸಲುಗೆಯಲ್ಲೇ ಮಾತಾಡುತ್ತಾರೆ. ಹಬ್ಬದ ದಿನಗಳಲ್ಲಿ ವೀರಭದ್ರನ ಒಡಪು, ಅಗ್ನಿಗುಂಡ, ತೇರು ಎಲ್ಲವೂ ಇವೆ.

ಮರಳುವಾಗ ಬಹುಪಾಲು ಜನ ಬಸ್ಸು, ಟ್ರ್ಯಾಕ್ಟರು ಹತ್ತುತ್ತಾರೆ. ಕಂಬಿ ಊರಿಗೆ ಬಂದಮೇಲೆ ಹಲವೆಡೆ ಐದೇಶಿ ಎಂಬ ಆಚರಣೆ ನಡೆಯುತ್ತದೆ. ಊರೆಲ್ಲ ಸೇರಿ ಕಂಬಿಯನ್ನು ಪೂಜಿಸಿ ಪ್ರಸಾದ ಮಾಡುತ್ತದೆ. ಮೊದಲ ಸಲ ನಡೆದು ಬಂದವನ ಸುತ್ತ ಅಂದು ಓರಗೆಯವರು ಕೂಡುತ್ತಾರೆ. ಕೊಳನು ಎಷ್ಟು ಆಳ, ಕಾಡಿನಲ್ಲಿ ನೀರು ಎಲ್ಲಿ ಸಿಗುತ್ತದೆ, ಚಪ್ಪಲಿ ಯಾವುದು ಒಳ್ಳೆಯದು ಎಂದು ಈಗ ಅವನನ್ನೇ ಕೇಳುತ್ತಾರೆ.